ಹಾರವಿಲ್ಲದ ಫೋಟೋ

ನಮ್ಮ ಬನಹಟ್ಟಿ ಮನೆಯ ಪಡಸಾಲೆಯಲ್ಲಿ ಒಂದು ಮೊಳೆ ಇದೆ. ಮೊಳೆ ಯಾರ ಮನೆಯಲ್ಲಿಲ್ಲ, ಅದರ ಬಗ್ಗೆ ಬರೆಯುವುದೇನಿದೆ ಅನ್ನುತ್ತೀರಾ? ಅನ್ನಿ. ಆದರೆ ಒಂದು ಮೊಳೆಯ ಸಲುವಾಗಿ ನಿಮ್ಮ ಮನೆಯ ಅಣ್ಣ-ತಂಗಿ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಮುಖ ತಿರುಗಿಸಿಕೊಂಡು ಓಡಾಡಿದ್ದಾರೆಯೇ? ನಾವು ಓಡಾಡಿದ್ದೇವೆ. ನಾನು ಬೆಳಿಗ್ಗೆ ಎದ್ದು ಆ ಮೊಳೆಗೆ ನನ್ನ ಫೋಟೋ ತೂಗುಹಾಕುತ್ತಿದ್ದೆ. ಅಣ್ಣ ಮಧ್ಯಾಹ್ನ ಊಟಕ್ಕೆ ಬಂದವನು ಅದನ್ನು ಇಳಿಸಿ, ಮೊಳೆಗೆ ತನ್ನ ಟವೆಲ್ ಹಾಕುತ್ತಿದ್ದ. ಒಣಗಲಿ ಅಂತಲ್ಲ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಮೊಳೆ ಹಿಡಿಯಲಿಕ್ಕೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕಮಲಾ. ಜಮಖಂಡಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಳಾದವಳು. ಮದುವೆ ಮಾಡಿಕೊಳ್ಳಲಿಲ್ಲ. ದಿನಾ ಬಸ್ಸಿಗೆ ಹೋಗಿ, ಬೇರೆಯವರ ಜಗಳಗಳನ್ನು ತಪ್ಪಿಲ್ಲದೆ ಟೈಪು ಮಾಡಿ, ಸಂಜೆ ಬಸ್ಸಿಗೇ ಬಂದು, ಅಣ್ಣ ಮತ್ತು ವೈನಿಯ ಜೊತೆ ಇದೇ ಮನೆಯಲ್ಲಿ ವಯಸ್ಸಾದೆ. ವೈನಿ ಅಂದರೆ ಅಣ್ಣನ ಹೆಂಡತಿ, ಪಾರ್ವತಿ. ಜೀವನಪೂರ್ತಿ ಇನ್ನೊಬ್ಬರ ತಕರಾರು ಬಡಿದು ಬಡಿದು ಬೆರಳು ಸವೆಸಿದ ನನಗೆ ಕೊನೆಗೊಮ್ಮೆ ನನ್ನದೇ ಒಂದು ತಕರಾರು ಸಿಕ್ಕಿತ್ತು. ಬಿಡುತ್ತೇನೆಯೇ?

ಆ ಫೋಟೋದಲ್ಲಿ ನಾನು ಅಲೆಪ್ಪಿಯ ಒಂದು ಕಾಲುವೆಯ ನಡುವೆ ಕಯಾಕಿನಲ್ಲಿ ಕೂತಿದ್ದೇನೆ. ಕಯಾಕ್ ಅಂದರೆ ಕಾಲು ಚಾಚಿಕೊಂಡು ಕೂರುವ ಸಪೂರ ದೋಣಿ. ಒಂದೇ ಹುಟ್ಟು, ಅದರ ಎರಡೂ ತುದಿಗೆ ಅಗಲವಾದ ಹಲಗೆ. ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು, ನೋಡಿದ ಕೂಡಲೇ ಗುರುತಿಸಿದೆ: ಈ ದೋಣಿ ಲಾಳಿ. ಸೀರೆಯ ಹಾಸಿನಲ್ಲಿ ಅತ್ತಿತ್ತ ಓಡಿ ಹೊಕ್ಕು, ಅಂದರೆ ಅಡ್ಡನೂಲು, ಹಾಕುತ್ತದಲ್ಲ, ಆ ಲಾಳಿಯೇ ಬೆಳೆದು ನೀರಿಗೆ ಬಿದ್ದಂತಿತ್ತು. ಫೋಟೋದಲ್ಲಿ ನನ್ನ ಇಳಕಲ್ ಸೀರೆ ಮೊಣಕಾಲಿಗೆ ಬಂದಿದೆ, ಮೇಲೊಂದು ಕಿತ್ತಳೆ ಬಣ್ಣದ ಲೈಫ್ ಜಾಕೀಟು, ತಲೆಕೂದಲು ಕಾಗೆ ಗೂಡು, ಬಾಯಿ ಇಷ್ಟಗಲ. ಚೆಂದ ಇದ್ದೇನೆ ಅಂತ ನಾನು ಹೇಳುವುದಿಲ್ಲ. ನಾನು ಇದ್ದೇನೆ, ಅಷ್ಟೇ.

ಅಣ್ಣ ಮೊದಲ ಸಲ ಅದನ್ನು ಗೋಡೆಯ ಮೇಲೆ ನೋಡಿದಾಗ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

“ಏ ಕಮ್ಲಿ, ಏನಿದು ಅವತಾರ? ಮೊದಲ ತೆಗಿ ಅದನ್ನ.”

“ಯಾಕ, ಛಲೋ ಇಲ್ಲೇನು?”

“ಛಲೋ ಕೆಟ್ಟದ್ದರ ಮಾತಲ್ಲ. ಈ ಗ್ವಾಡಿ ಮ್ಯಾಲ ಇರೋರೆಲ್ಲ ಹೋದವರು. ಬದುಕಿದ್ದವರನ್ನ ಅವರ ಸಾಲಿನ್ಯಾಗ ತೂಗಹಾಕಿದ್ರ ಆಯುಷ್ಯ ಕಡಿಮಿ ಆಕ್ಕೈತಿ.”

“ಮತ್ತ ನೀ ಅದೀಯಲ್ಲ?”

“ನಾ ಎಲ್ಲಿ ಅದೀನಿ?”

ನಾನು ಬೆರಳು ತೋರಿಸಿದೆ. ಅಪ್ಪನ ಫೋಟೋದ ಮಗ್ಗುಲಲ್ಲೇ ಅಣ್ಣ ಇದ್ದ. ನಮ್ಮ ಓಣಿಯವರು ಗಣಪತಿ ಹಬ್ಬದಲ್ಲಿ ಅವನಿಗೆ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ, ಕೈಗೆ ಒಂದು ತೆಂಗಿನಕಾಯಿ ಕೊಟ್ಟು ತೆಗೆಸಿದ ಫೋಟೋ ಅದು.

“ಅದು ಸನ್ಮಾನದ್ದು,” ಅಂದ.

“ಸನ್ಮಾನ ಆದವರಿಗೆ ಆಯುಷ್ಯ ಕಡಿಮಿ ಆಗೂದಿಲ್ಲೇನು?”

ಅಣ್ಣ ಸ್ವಲ್ಪ ಯೋಚಿಸಿದ. “ಅದರಾಗ ಹಾರ ಐತಿ,” ಅಂದ.

ಒಳಗೆ ವೈನಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಆಮೇಲೆ ಒಂದು ನಗೆ ಕೇಳಿಸಿತು, ಸೆರಗು ಬಾಯಿಗೆ ಒತ್ತಿಕೊಂಡು ನಗುವ ನಗೆ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ಫೋಟೋ ಇಳಿಸಿ, ಟವೆಲ್ ಹಾಕಿ, ಕೈ ತೊಳೆದುಕೊಂಡು ಊಟಕ್ಕೆ ಕೂತ. ಜಗಳ ಶುರುವಾದದ್ದು ಹೀಗೆ.

ನೀವು ಅಣ್ಣನ ಪಕ್ಷ ವಹಿಸುವ ಮೊದಲು ನಮ್ಮ ಗೋಡೆಯ ಮೇಲಿನ ಅವ್ವನ ಫೋಟೋದ ಕತೆ ಕೇಳಬೇಕು.

ನಮ್ಮ ಮನೆಯಲ್ಲಿ ಹೆಂಗಸರ ಫೋಟೋ ಎರಡೇ ಸಲ. ಮದುವೆಯಲ್ಲಿ ಒಮ್ಮೆ, ಸತ್ತ ಮೇಲೆ ಒಮ್ಮೆ. ಅವ್ವನಿಗೆ ಮದುವೆಯ ಫೋಟೋ ಸಹ ಇರಲಿಲ್ಲ. ಅವಳು ತೀರಿಕೊಂಡಾಗ ದಿನಕರ್ಮದ ಹೊತ್ತಿಗೆ ಫೋಟೋ ಬೇಕಲ್ಲ ಅಂತ ಎಲ್ಲರೂ ಟ್ರಂಕು ತಡಕಾಡಿದರು. ಯಾರದೋ ಮದುವೆಯ ಗುಂಪು ಫೋಟೋ ಒಂದು ಸಿಕ್ಕಿತು. ಅದರ ಮೂಲೆಯಲ್ಲಿ, ಯಾರದೋ ರುಮಾಲಿನ ಹಿಂದೆ ಅವ್ವ ನಿಂತಿದ್ದಳು. ಫ್ಲಾಶ್ ಹೊಡೆದಾಗ ಕಣ್ಣು ಮುಚ್ಚಿದ್ದಳು. ಜಮಖಂಡಿಯ ಸ್ಟುಡಿಯೋದವನು ಅವಳನ್ನು ಮೂಲೆಯಿಂದ ಕತ್ತರಿಸಿ ತೆಗೆದು, ದೊಡ್ಡದು ಮಾಡಿ, ಪಕ್ಕದವರ ಮೊಣಕೈಯನ್ನು ಸೆರಗು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಬ್ರಶ್ಶಿನಿಂದ ಎರಡು ಕಣ್ಣು ಬರೆದ. ಕ್ಯಾಲೆಂಡರಿನ ಲಕ್ಷ್ಮಿಗೆ ಇರುತ್ತವಲ್ಲ, ಅಂಥ ಕಣ್ಣು, ದೊಡ್ಡವು, ಒಂದಕ್ಕೊಂದು ಸಮ.

ಅವ್ವನ ಎಡಗಣ್ಣು ಚೂರು ಸಣ್ಣದಿತ್ತು. ನಗುವಾಗ ಅದೇ ಮೊದಲು ಮುಚ್ಚುತ್ತಿತ್ತು. ಸಾಲೆಯಿಂದ ಬಂದ ನನ್ನನ್ನು ಆ ಸಣ್ಣ ಕಣ್ಣಿನಿಂದ ನೋಡಿ, “ಯಾರ ಕೂಡ ಜಗಳಾಡಿ ಬಂದಿ?” ಅಂತ ಕೇಳುತ್ತಿದ್ದಳು, ನಾನು ಹೇಳುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು. ಈಗ ಗೋಡೆಯ ಮೇಲಿಂದ ನಮ್ಮನ್ನು ನೋಡುತ್ತಿರುವುದು ಅವ್ವ ಅಲ್ಲ, ಸ್ಟುಡಿಯೋದವನ ಬಣ್ಣ. ಆ ಕಣ್ಣಿಗೆ ನನ್ನ ಗುರುತಿಲ್ಲ. ದಿನಾ ಊದಿನಕಡ್ಡಿ ಹಚ್ಚುತ್ತೇವೆ, ನನಗೆ ದಿನಾ ಸಿಟ್ಟು ಬರುತ್ತದೆ. ಅಳು ಅಲ್ಲ, ಸಿಟ್ಟೇ. ಬದುಕಿದ್ದಾಗ ಒಬ್ಬರಿಗೂ ಈಕೆಯ ಮುಂದೆ ಒಂದು ಕ್ಯಾಮೆರಾ ಹಿಡಿಯಬೇಕು ಅನ್ನಿಸಲಿಲ್ಲವೇ? ಸೀರೆ ನೇಯ್ದು ಊರೂರಿಗೆ ಕಳಿಸಿದ ಮನೆ ನಮ್ಮದು. ಆ ಸೀರೆಗಳ ಫೋಟೋ ಬೇಕಾದಷ್ಟು ಇವೆ.

ಇರಲಿ. ಅಲೆಪ್ಪಿಗೆ ಬರೋಣ.

ಸಂಕ್ರಮಣ ಮುಗಿದ ಮೇಲೆ ನಾವು ಕೋರ್ಟಿನ ನಿವೃತ್ತ ಹೆಂಗಸರು ನಾಲ್ಕೈದು ಜನ ಕೂಡಿ ಕೇರಳ ಪ್ರವಾಸ ಹೋಗಿದ್ದೆವು. ಉಳಿದವರು ದೇವಸ್ಥಾನ ಮತ್ತು ಬಾಳೆಕಾಯಿ ಚಿಪ್ಸಿನಲ್ಲಿ ಮಗ್ನರಾದರು. ನಾನು ಅಲೆಪ್ಪಿಯ ಕಾಲುವೆಗಳಲ್ಲಿ ಸಿಕ್ಕಿಬಿದ್ದೆ. ಹಳೇ ಊರು. ಹಿಂದೆ ಮೆಣಸು, ತೆಂಗಿನ ನಾರು ತುಂಬಿದ ದೋಣಿಗಳು ಆ ಕಾಲುವೆಗಳಲ್ಲೇ ಸಮುದ್ರದ ಕಡೆ ಹೋಗುತ್ತಿದ್ದವಂತೆ. ದಂಡೆಯ ಮೇಲೆ ಹಳೇ ಗೋದಾಮುಗಳು ಬಾಗಿಲು ಹಾಕಿಕೊಂಡು ನಿಂತಿವೆ. ಊರಿನ ಹೊರಗೆ ಸಣ್ಣ ಕಾಲುವೆಗಳಿಗೆ ಬಂದರೆ ಮನೆಗಳೆಲ್ಲ ನೀರಿಗೆ ಮುಖ ಮಾಡಿವೆ. ಮೀನಿನವನು ದೋಣಿಯಲ್ಲಿ ಬರುತ್ತಾನೆ, ಗ್ಯಾಸ್ ಸಿಲಿಂಡರ್ ದೋಣಿಯಲ್ಲಿ ಬರುತ್ತದೆ, ಬೀಗರು ದೋಣಿಯಲ್ಲಿ ಬರುತ್ತಾರೆ. ನಮ್ಮ ಓಣಿಯೇ ಅದು, ಡಾಂಬರಿನ ಬದಲು ನೀರು, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಕಯಾಕಿನಲ್ಲಿ ಸುತ್ತಿಸುವವರಿದ್ದರು. ಜೊತೆಯವರು “ಕಮಲಾ, ಹುಚ್ಚು ಹಿಡದೈತೇನ ನಿನಗ?” ಅಂದರು. ಹಿಡಿದಿದ್ದರೆ ಹಿಡಿದಿರಲಿ ಅಂತ ಕೂತುಬಿಟ್ಟೆ.

ಕೂತ ಮೇಲೆ ಒಂದು ವಿಚಿತ್ರ ಆಯಿತು. ನನ್ನ ಕಾಲು ತಾವಾಗಿಯೇ ಒತ್ತಲಿಕ್ಕೆ ಶುರು ಮಾಡಿದವು. ಅಪ್ಪನದು ಕುಣಿಮಗ್ಗ. ನೆಲದಲ್ಲಿ ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಬಲಗಾಲು ಒತ್ತಿದರೆ ನೂಲು ಬಾಯಿ ಬಿಡುತ್ತದೆ, ಲಾಳಿ ಆಚೆ ಓಡುತ್ತದೆ. ಎಡಗಾಲು ಒತ್ತಿದರೆ ಈಚೆ ಬರುತ್ತದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸ ರಾಟಿ ತಿರುವಿ ಕಂಡಿಕೆಗೆ ನೂಲು ಸುತ್ತುವುದು. ಮಗ್ಗಕ್ಕೆ ಕೂರುವುದು ಗಂಡಸರು. ಆದರೆ ಅಪ್ಪ ಊಟಕ್ಕೆ ಎದ್ದ ಹೊತ್ತಿನಲ್ಲಿ ನಾನು ಕುಣಿಗೆ ಇಳಿಯುತ್ತಿದ್ದೆ. ಕಾಲು ಪೂರ್ತಿ ಮುಟ್ಟುತ್ತಿರಲಿಲ್ಲ, ಬೆರಳ ತುದಿಯಲ್ಲಿ ಒತ್ತುತ್ತಿದ್ದೆ. ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, ಬೈಯುತ್ತಿರಲಿಲ್ಲ. “ಹೊಕ್ಕು ಸಡಲ ಬಿತ್ತು ನೋಡು, ಗಟ್ಟಿ ಬಡಿ,” ಅನ್ನುತ್ತಿದ್ದ. ಆ ಕಾಲಿನ ನೆನಪು ಇಷ್ಟು ವರ್ಷ ಟೈಪ್‌ರೈಟರ್ ಕೆಳಗೆ ಸುಮ್ಮನೆ ಮಲಗಿತ್ತು. ಎದುರಿಗೆ ಲಾಳಿಯ ಆಕಾರ ಕಂಡದ್ದೇ ತಡ, ಎದ್ದುಬಿಟ್ಟಿತು.

ಮಗ್ಗದಲ್ಲಿ ಹಾಗೆ ಒತ್ತಿದರೆ ಸೀರೆ ಆಗುತ್ತದೆ. ಕಯಾಕಿನಲ್ಲಿ ಒತ್ತಿದರೆ ದೋಣಿ ತೊಟ್ಟಿಲಾಗುತ್ತದೆ. ಕಲಿಸುವವನು ಹಿಂದಿನಿಂದ “ಲೆಗ್ ನೋ, ಮೇಡಂ, ಲೆಗ್ ನೋ!” ಅಂತ ಕೂಗುತ್ತಿದ್ದ. ನಾನು ಒಂದು ಕೈಯಲ್ಲಿ ಮೊಬೈಲು ಬೇರೆ ಹಿಡಿದಿದ್ದೆ. ಮುಂದೆ ಒಂದು ಮನೆಯ ಮೆಟ್ಟಿಲ ಮೇಲೆ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಬೆಳಗಿನ ಬಿಸಿಲು, ಹಿತ್ತಾಳೆ ಕೊಡ, ನೊರೆ. ಎಷ್ಟು ಚೆಂದ ಅಂತ ನಾನು ಫೋಟೋ ಹೊಡೆಯುತ್ತ ಹೊಡೆಯುತ್ತ, ಕಾಲು ಒತ್ತುತ್ತ ಒತ್ತುತ್ತ ಹೋಗಿ ದೋಣಿಯ ಮೂತಿಯಿಂದ ಅವಳ ಬಕೆಟ್ಟಿಗೆ ಗುದ್ದಿದೆ. ಹಿಂಡಿಟ್ಟ ಬಟ್ಟೆಯೆಲ್ಲ ನೀರು ಪಾಲು.

ಆಕೆ ಎದ್ದು ನಿಂತು ಬೈದಳು, ಮಲಯಾಳಂನಲ್ಲಿ. ನಾನೂ ಬಿಡಲಿಲ್ಲ, “ಬೇಕಂತ ಮಾಡೀನೇನವ್ವಾ? ಕಾಲು ಮಾತು ಕೇಳವಲ್ಲವು!” ಅಂದೆ, ಬನಹಟ್ಟಿಯ ಕನ್ನಡದಲ್ಲಿ. ಇಬ್ಬರಿಗೂ ಎಲ್ಲಾ ತಿಳಿಯಿತು. ನಾನು ತೇಲುತ್ತಿದ್ದ ಲುಂಗಿ, ಟವೆಲ್ಲುಗಳನ್ನು ಹುಟ್ಟಿನಿಂದ ಹೆಕ್ಕಿ ಹೆಕ್ಕಿ ಕೊಟ್ಟೆ. ಕೊನೆಯ ಟವೆಲ್ ಕೊಡುವಾಗ ಆಕೆ ನನ್ನ ಮೊಬೈಲಿನ ಕಡೆ ಕೈ ಚಾಚಿದಳು. ಹೊಡೆದ ಫೋಟೋ ಅಳಿಸುತ್ತಾಳೆ ಅಂದುಕೊಂಡೆ. ಅದು ಅವಳ ಹಕ್ಕು, ಕೊಟ್ಟೆ. ಆಕೆ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿ, ಮೊಬೈಲು ಎತ್ತಿ ಹಿಡಿದು, ನನ್ನ ಕಡೆ ತಿರುಗಿಸಿದಳು. ದಿನಾ ಯಾರ್‍ಯಾರೋ ನನ್ನ ಮನೆ ಮುಂದೆ ಬಂದು ನನ್ನ ಫೋಟೋ ಹೊಡೆಯುತ್ತಾರೆ, ಇವತ್ತು ನಾನು ಹೊಡೆಯುತ್ತೇನೆ, ಕೂತ್ಕೋ ಅಂತ ಅವಳ ಮುಖದಲ್ಲೇ ಬರೆದಿತ್ತು. ನಾನು ನಗಲಿಕ್ಕೆ ಬಾಯಿ ತೆಗೆದೆ. ಕ್ಲಿಕ್ ಅಂತು.

ಆ ಫೋಟೋವೇ ನಮ್ಮ ಮನೆಯ ಗಲಾಟೆಯ ಫೋಟೋ. ಮನೆಗೆ ಬಂದು ಅದನ್ನು ನೋಡಿದಾಗ ಮೊದಲು ನನಗೆ ಕಂಡದ್ದು ಕಿತ್ತಳೆ ಜಾಕೀಟಲ್ಲ, ನನ್ನ ಎಡಗಣ್ಣು. ಚೂರು ಸಣ್ಣದು, ನಗುತ್ತ ಮೊದಲು ಮುಚ್ಚಿದ್ದು. ಅವ್ವನ ಕಣ್ಣು ಗೋಡೆಯ ಮೇಲಿರಲಿಲ್ಲ, ನನ್ನ ಮುಖದಲ್ಲಿತ್ತು. ಅದನ್ನು ಗೋಡೆಗೆ ಹಾಕದೆ ನಾನೆಲ್ಲಿ ಹಾಕಲಿ, ಹೇಳಿ?

ಇದನ್ನು ಅಣ್ಣನಿಗೆ ಹೇಳಿದೆ. ಅವನು ಅವ್ವನ ಫೋಟೋ ನೋಡಿದ, ನನ್ನ ಮುಖ ನೋಡಿದ, “ಅವ್ವನ ಕಣ್ಣು ದೊಡ್ಡವಿದ್ದವು,” ಅಂದ. ನೋಡಿ, ಬಣ್ಣದ ಕಣ್ಣನ್ನು ದಿನಾ ನೋಡಿ ನೋಡಿ ಹೆತ್ತ ಮಗನೇ ಖರೇ ಕಣ್ಣನ್ನು ಮರೆತುಬಿಟ್ಟಿದ್ದ. ಆವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಹಪ್ಪಳ ಒಣಹಾಕುತ್ತ ವೈನಿ ನನ್ನ ಮಗ್ಗುಲಿಗೆ ಬಂದು ಕೂತಳು.

“ಕಮಲಾ, ನಂದೂ ಒಂದೂ ಫೋಟೋ ಇಲ್ಲ ನೋಡವ್ವ.”

“ಮದುವಿದು ಐತೆಲ್ಲ ವೈನಿ?”

“ಅದರಾಗ ನಾ ಎಲ್ಲಿ ಅದೀನಿ? ಬಾಸಿಂಗ ಐತಿ.”

ಖರೆ. ಮದುವೆಯ ಫೋಟೋದಲ್ಲಿ ಹಣೆಯ ಬಾಸಿಂಗದಿಂದ ಹೂವಿನ ಮಾಲೆಗಳು ಗದ್ದದವರೆಗೆ ಇಳಿಬಿದ್ದು ವೈನಿಯ ಮುಖವೇ ಇಲ್ಲ. ಅದರ ಕೆಳಗೆ ಯಾರು ಕೂತಿದ್ದರೂ ನಡೆಯುತ್ತಿತ್ತು. ಈ ಮಾತು ಅಣ್ಣನ ಕಿವಿಗೆ ಬಿದ್ದಾಗ ಅವನು, “ಆಧಾರ್ ಕಾರ್ಡಿನ್ಯಾಗ ಐತೆಲ್ಲ? ಹೊತ್ತು ಬಂದಾಗ ಅದನ್ನ ದೊಡ್ಡದು ಮಾಡಿಸಿದ್ರಾತು,” ಅಂದ. ಕೆಟ್ಟ ಮನಸ್ಸಿನಿಂದ ಅಲ್ಲ. ಅನುಕೂಲ ಹೇಳಿದ್ದು. ಆದರೆ ವೈನಿ ಎದ್ದು ಒಳಗೆ ಹೋಗಿ, ಆ ಕಾರ್ಡು ತಂದು ನನ್ನ ಮುಂದೆ ಹಿಡಿದಳು. ಅದರಲ್ಲಿದ್ದ ಮುಖ ವೈನಿಯದೂ ಅಲ್ಲ, ಯಾರದೂ ಅಲ್ಲ; ಈಗಷ್ಟೇ ಪೋಲೀಸರು ಹಿಡಿದು ತಂದವರ ಮುಖ.

“ಹಿಂಗ ತೂಗಹಾಕತಾರ ನನ್ನ,” ಅಂದಳು. “ನನಗೂ ಯಾವನರ ಕಣ್ಣು ಬರೀತಾನ.”

ಆವತ್ತಿನಿಂದ ಮೊಳೆಯ ಜಗಳ ನನ್ನೊಬ್ಬಳದಾಗಿ ಉಳಿಯಲಿಲ್ಲ. ವೈನಿಯ ಖರೇ ಮುಖ, ಅವಳು ಬದುಕಿದ್ದಾಗಲೇ ಈ ಗೋಡೆಯ ಮೇಲೆ ಬರಬೇಕು. ನಾನು ಪಣ ತೊಟ್ಟೆ. ಮೊಬೈಲು ತೆಗೆದು, “ವೈನಿ, ನಗು” ಅಂದೆ. ಅಲ್ಲೇ ತಪ್ಪಿದ್ದು. ಮೊಬೈಲು ಎತ್ತಿದ ಕೂಡಲೇ ವೈನಿ ಸೆರಗು ಸರಿ ಮಾಡಿಕೊಂಡು, ತುಟಿ ಒತ್ತಿಕೊಂಡು, ಉಸಿರು ಹಿಡಿದು ನಿಲ್ಲುತ್ತಾಳೆ. ಆಧಾರ್ ಕಾರ್ಡೇ ಬರುತ್ತದೆ. ಅಡಿಗೆಮನೆಯಲ್ಲಿ ಹೊಡೆದೆ, ಅಂಗಳದಲ್ಲಿ ಹೊಡೆದೆ, ಕಟ್ಟೆಯ ಮೇಲೆ ಹೊಡೆದೆ. ಎಲ್ಲಿ ಹೊಡೆದರೂ ಪೋಲೀಸು ಠಾಣೆ. ಈ ಮನೆಯಲ್ಲಿ ಅವಳನ್ನು ಯಾರಾದರೂ ನೋಡಿದರೆ ಏನೋ ತಪ್ಪು ಹುಡುಕಲಿಕ್ಕೇ ನೋಡುತ್ತಾರೆ ಅಂತ ಆ ಮುಖಕ್ಕೆ ರೂಢಿಯಾಗಿಬಿಟ್ಟಿತ್ತು.

ಈ ನಡುವೆ ನಾನು ಆನ್‌ಲೈನಿನಲ್ಲಿ ಒಂದು ಕಯಾಕ್ ತರಿಸಿಕೊಂಡೆ. ಗಾಳಿ ತುಂಬುವ ರಬ್ಬರಿನದು, ಇಬ್ಬರು ಕೂರುವಂಥದ್ದು, ಜೊತೆಗೆ ಎರಡು ಹುಟ್ಟು, ಎರಡು ಜಾಕೀಟು. ಮಡಚಿದರೆ ಹಾಸಿಗೆ ಸುರುಳಿಯಷ್ಟು. ಅಣ್ಣ ಅದನ್ನು ಗಾದಿ ಅಂದುಕೊಂಡು, “ಛಲೋ ಆತು, ಬೀಗರು ಬಂದ್ರ ಮಲಗಾಕ ಆತು,” ಅಂದ. ಹೊರಗೆ ಮಳೆ, ಹಾಗಾಗಿ ಪಡಸಾಲೆಯಲ್ಲೇ ಗಾಳಿ ತುಂಬಿದೆ. ಅದು ಉಬ್ಬಿತು, ಉಬ್ಬಿತು, ಮುಂಬಾಗಿಲಿನಿಂದ ಅಡಿಗೆಮನೆ ಬಾಗಿಲಿನವರೆಗೆ ಚಾಚಿಕೊಂಡಿತು. ಪಾವರ್‌ಲೂಮಿನ ಶೆಡ್ಡಿನಿಂದ ಊಟಕ್ಕೆ ಬಂದ ಅಣ್ಣನಿಗೆ ತನ್ನ ಮನೆಯೊಳಗೆ ಬರಲು ದಾರಿಯಿಲ್ಲ. ಹಿತ್ತಲು ಸುತ್ತಿ, ದನದ ಕೊಟ್ಟಿಗೆ ದಾಟಿ ಬಂದು ತಾಟಿನ ಮುಂದೆ ಕೂತ. ಆವತ್ತು ಮೊಳೆಗೆ ಟವೆಲ್ ಹಾಕಲು ಕೈ ಎಟುಕಲಿಲ್ಲ.

ಹುಟ್ಟುಗಳನ್ನು ತಲಬಾಗಿಲ ಮೂಲೆಗೆ ನಿಲ್ಲಿಸಿದೆ. ಬಂದವರೆಲ್ಲ ಅದನ್ನು ನೋಡಿಯೇ ಒಳಗೆ ಬರಬೇಕು. ಒಬ್ಬರು ಫ್ಯಾನಿನ ರೆಕ್ಕೆ ಅಂದರು. ಮುಧೋಳದಿಂದ ಬಂದ ಬೀಗರು, ಗಾಣದ ಕಡೆಯವರು, ಬೆಲ್ಲ ತಿರುವುವ ಹೊಸ ನಮೂನೆಯ ಸಟ್ಟುಗ ಅಂತ ತಿಳಿದು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರು. ನಾನು ಎಲ್ಲರಿಗೂ ಖರೇ ಹೇಳುತ್ತಿದ್ದೆ: ಹೊಳೆಗೆ ಹೋಗುತ್ತೇನೆ, ದೋಣಿ ನಡೆಸುತ್ತೇನೆ, ಫೋಟೋ ಹೊಡೆಯುತ್ತೇನೆ. ಅವರು ಅಣ್ಣನ ಮುಖ ನೋಡುತ್ತಿದ್ದರು. ಅಣ್ಣ ಮಾಳಿಗೆಯ ಜಂತಿ ನೋಡುತ್ತಿದ್ದ.

ಮಳೆಗಾಲ ಕಳೆದು, ಹಿಪ್ಪರಗಿ ಬ್ಯಾರೇಜಿನ ಗೇಟು ಹಾಕಿ, ಕೃಷ್ಣೆ ಕೆರೆಯ ಹಾಗೆ ನಿಂತ ಮೇಲೆ ನಾನು ಶುರು ಮಾಡಿದೆ. ಬ್ಯಾರೇಜಿನ ಹತ್ತಿರ ಸುಳಿಯುತ್ತಿರಲಿಲ್ಲ, ಅಷ್ಟು ಬುದ್ಧಿ ನನಗಿದೆ. ಬಹಳ ಮೇಲೆ, ಜನ ಸ್ನಾನ ಮಾಡುವ ದಂಡೆಯಲ್ಲಿ, ಜಾಕೀಟು ಹಾಕಿಕೊಂಡು. ಟಂಟಂ ಗಾಡಿಯವನು ನನ್ನ ರಬ್ಬರಿನ ಸುರುಳಿಯನ್ನು ಕಬ್ಬಿನ ಸೋಗೆಯ ಜೊತೆ ಮೇಲೆ ಕಟ್ಟಿಕೊಳ್ಳುತ್ತಿದ್ದ. ಅಣ್ಣ ಪ್ರತಿ ಸಲ ಬಾಗಿಲಲ್ಲಿ ನಿಂತು, “ಹೊಳ್ಯಾಗ ಮೊಸಳಿ ಅದಾವು!” ಅನ್ನುತ್ತಿದ್ದ. “ನಿನ್ನ ಕೂಡ ಇಷ್ಟು ವರ್ಷ ಒಂದ ಮನ್ಯಾಗ ಅದೀನಿ, ಮೊಸಳಿಗೆ ಅಂಜಲೇನು?” ಅನ್ನುತ್ತಿದ್ದೆ. “ಮಂದಿ ನಗತಾರ,” ಅಂದರೆ, “ನಗಲಿ, ಫೋಟೋ ಹೊಡಕೋತೀನಿ,” ಅನ್ನುತ್ತಿದ್ದೆ. ನಮ್ಮ ಹೊಳೆಯ ಕಡೆ ಅಲೆಪ್ಪಿಯಷ್ಟು ತೆಂಗಿನ ಮರ ಇಲ್ಲ ನಿಜ. ಕಬ್ಬು, ಪಂಪ್‌ಸೆಟ್ಟಿನ ಪೈಪು, ಎಮ್ಮೆ ತೊಳೆಯುವವರು, ಟ್ರ್ಯಾಕ್ಟರು. ನಾನು ಈಗ ಯಾರದೇ ಫೋಟೋ ಹೊಡೆಯುವ ಮೊದಲು ಕೇಳುತ್ತೇನೆ. ಬಕೆಟ್ಟಿನ ಪಾಠ ಅದು.

ಗೌರಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಸಕ್ಕರೆ ಆರತಿ. ಸಕ್ಕರೆಯ ಆನೆ, ಒಂಟೆ, ತೇರು, ಗೋಪುರ ತಾಟಿನಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ನಮ್ಮ ಓಣಿಯ ಹೆಂಗಸರು ಆವತ್ತು ಮಧ್ಯಾಹ್ನ ಹೊಳೆಗೂ ಹೋಗಿ ಗಂಗವ್ವನ ಪೂಜೆ ಮಾಡುತ್ತಾರೆ. ದಂಡೆಯಲ್ಲಿ ನಿಂತು ಅರಿಷಿಣ ಕುಂಕುಮ ಹಾಕುವುದು ಹೆಂಗಸರು. ದೋಣಿಯಲ್ಲಿ ನಡುನೀರಿಗೆ ಹೋಗಿ ದೀಪ ಬಿಟ್ಟು ಬರುವುದು ಗಂಡಸರು. ಯಾಕೆ ಹಾಗೆ ಅಂತ ಯಾರೂ ಕೇಳಿಲ್ಲ. ಅಣ್ಣ ತನ್ನ ಟೆಂಪೋದಲ್ಲಿ ಎಲ್ಲರನ್ನೂ ಕರೆದುಕೊಂಡು ಬಂದ. ನನ್ನ ರಬ್ಬರಿನ ಸುರುಳಿಯೂ ಅದರಲ್ಲೇ ಬಂತು, ಹೆಂಗಸರ ಕೆಳಗೆ. ಅವರೆಲ್ಲ ಅದರ ಮೇಲೇ ಕೂತಿದ್ದರಿಂದ ಅಣ್ಣನಿಗೆ ಕಾಣಲಿಲ್ಲ.

ದಂಡೆಯಲ್ಲಿ ಗಾಳಿ ತುಂಬಿ, ನೀರಿಗೆ ಇಳಿಸಿ, ನಾನು ಹಿಂದಿನ ಸೀಟಿನಲ್ಲಿ ಕೂತೆ. ದೀಪದ ಬುಟ್ಟಿ ಕೊಡಿ ಅಂತ ಕೈ ಚಾಚಿದೆ. ಬುಟ್ಟಿ ಹಿಡಿದಿದ್ದವಳು ವೈನಿ. ಬುಟ್ಟಿಯನ್ನೂ ನೋಡಿದಳು, ಮುಂದಿನ ಖಾಲಿ ಸೀಟನ್ನೂ ನೋಡಿದಳು.

“ಊರಿಗೆ ಬಂದಾಕಿ ನೀರಿಗೆ ಬರಲಾರದ ಇರತಾಳೇನ? ನಾನೂ ಬರ್ತೀನಿ, ಹಿಡಿ ಇದನ್ನ.”

“ಏ, ಏ, ಏ!” ಅಂದ ಅಣ್ಣ ದಂಡೆಯ ಮೇಲಿಂದ. ಅಷ್ಟರಲ್ಲಿ ಓಣಿಯ ಹೆಂಗಸರು ವೈನಿಗೆ ಜಾಕೀಟು ತೊಡಿಸಿ, ಬಕ್ಕಲು ಹಾಕಿ, ನಾಲ್ಕು ಕಡೆಯಿಂದ ಎತ್ತಿ ಕೂರಿಸಿಯೇಬಿಟ್ಟರು. ಒಂದು ನೂಕು ಕೊಟ್ಟರು.

ನಡುನೀರಿಗೆ ಹೋಗಿ ದೀಪ ಬಿಟ್ಟೆವು. ವೈನಿ ನೀರಿನಲ್ಲಿ ಕೈ ಅದ್ದಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, “ನನಗೂ ಕೊಡು ಆ ಸಟ್ಟುಗ,” ಅಂದಳು. ಎರಡನೇ ಹುಟ್ಟು ಕೊಟ್ಟು ನಾನು ನನ್ನದನ್ನು ಮಡಿಲಲ್ಲಿಟ್ಟುಕೊಂಡೆ.

ಈಗ ಕೇಳಿ. ನನ್ನ ಕಾಲಿಗೆ ಮಗ್ಗದ ನೆನಪಿದ್ದ ಹಾಗೆ ವೈನಿಯ ಕೈಗೆ ರಾಟಿಯ ನೆನಪು. ಮದುವೆಯಾಗಿ ಬಂದಾಗಿನಿಂದ ಬಲಗೈಯಲ್ಲಿ ರಾಟಿ ತಿರುವಿ ಕಂಡಿಕೆ ಸುತ್ತಿದವಳು. ಹುಟ್ಟು ಕೈಗೆ ಬಂದದ್ದೇ ಬಲಗೈ ತಿರುವಲಿಕ್ಕೆ ಹತ್ತಿತು. ಬಲಕ್ಕೇ ಹಾಕುತ್ತಾಳೆ, ಮತ್ತೆ ಬಲಕ್ಕೇ, ಮತ್ತೆ ಬಲಕ್ಕೇ. ಎಡಕ್ಕೂ ಹಾಕು ಅಂದರೆ ಆ ಕೈ ಕೇಳುವುದಿಲ್ಲ, ಎಡಗೈಗೆ ನೂಲು ಹಿಡಿದು ಸುಮ್ಮನಿರುವುದಷ್ಟೇ ಗೊತ್ತು. ದೋಣಿ ನಿಂತಲ್ಲೇ ಗರಗರ ತಿರುಗಲಿಕ್ಕೆ ಹತ್ತಿತು. ಒಮ್ಮೆ ಕಬ್ಬಿನ ಹೊಲ ಎದುರಿಗೆ ಬಂತು, ಒಮ್ಮೆ ಹೊಳೆ, ಒಮ್ಮೆ ದಂಡೆ. ದಂಡೆಯ ಮೇಲೆ ಕೊಡೆ ಎತ್ತಿ ಹಿಡಿದು ಒದರುತ್ತಿರುವ ಅಣ್ಣ.

“ಸಾಕ ಬಾ ಇನ್ನ!” ಅಂತ ಅವನು ಅನ್ನುವಷ್ಟರಲ್ಲಿ ವೈನಿ ಬೆನ್ನು ತಿರುಗಿಸಿಯಾಗಿತ್ತು. ಮತ್ತೆ ಸುತ್ತಿ ಬಂದಾಗ, “ನಿನಗ ಹೇಳಾಕತ್ತೇನಿ!” ಅನ್ನುವಷ್ಟರಲ್ಲಿ ಮತ್ತೆ ಬೆನ್ನು. ಸಂಸಾರಪೂರ್ತಿ ಗಂಡನ ಮಾತು ಮುಗಿಯುವವರೆಗೆ ನಿಂತು ಕೇಳಿದ ಹೆಂಗಸು, ಒಂದು ಮಾತನ್ನೂ ಪೂರ್ತಿ ಕೇಳಲಾಗದೆ ತಿರುಗುತ್ತಿದ್ದಳು. ದಂಡೆಯ ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು. ವೈನಿಗೂ ಅದು ಹೊಳೆಯಿತು. ಹೊಳೆದದ್ದೇ, ದೋಣಿ ಇನ್ನೊಂದು ಸುತ್ತಿಗೆ ದಂಡೆಗೆ ಮುಖ ಮಾಡುತ್ತಿದ್ದ ಹಾಗೆ, ಮುಂದಿನ ಸೀಟಿನಿಂದ ಪೂರಾ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, “ಅಯ್ಯ ಯವ್ವಾ, ನಿಲ್ಲವಲ್ಲದಲ್ಲೇ ಇದು!” ಅಂತ ಬಾಯಿ ತುಂಬ ನಕ್ಕಳು. ಸೆರಗು ಬಾಯಿಗೆ ಒತ್ತಲಿಲ್ಲ. ಒತ್ತಲು ಕೈ ಖಾಲಿ ಇರಲಿಲ್ಲ.

ಆಗ ಹೊಡೆದೆ.

ದಂಡೆಗೆ ಬಂದ ಮೇಲೆ ಅಣ್ಣ ಎಲ್ಲರನ್ನೂ ಹತ್ತಿಸಿಕೊಂಡು ಟೆಂಪೋ ಬಹಳ ಜೋರು ಓಡಿಸಿದ.

ಮರುದಿನ ನಾನೂ ವೈನಿಯೂ ಬಸ್ಸು ಹತ್ತಿ ಜಮಖಂಡಿಯ ಅದೇ ಸ್ಟುಡಿಯೋಕ್ಕೆ ಹೋದೆವು. ಅವ್ವನಿಗೆ ಕಣ್ಣು ಬರೆದವನು ಈಗಿಲ್ಲ, ಅವನ ಮಗ ಕೂರುತ್ತಾನೆ, ತಲೆ ನರೆತಿದೆ. ಅಪ್ಪ ಬ್ರಶ್ಶಿನಿಂದ ಮಾಡುತ್ತಿದ್ದುದನ್ನು ಇವನು ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಫೋಟೋ ನೋಡಿ ಬಹಳ ಹುರುಪಿನಿಂದ ಕೂತ.

“ಅಕ್ಕಾರ, ಮುಂದಿನ ಹಲ್ಲೊಂದು ಇಲ್ಲಲ್ರಿ. ಹಚ್ಚಿ ಕೊಡ್ತೀನಿ.”

“ಬ್ಯಾಡ,” ಅಂದಳು ವೈನಿ.

“ಬಣ್ಣರ ಸ್ವಲ್ಪ ಬೆಳ್ಳಗ ಮಾಡ್ತೀನ್ರಿ?”

“ಬ್ಯಾಡ.”

“ಹಿಂದ ದಂಡಿ ಮ್ಯಾಲ ಯಾರೋ ಕೊಡಿ ಹಿಡಕೊಂಡು ನಿಂತಾರ ನೋಡ್ರಿ, ಅಡ್ಡ ಬಂದಾರ. ಅವರನ್ನ ತೆಗದುಬಿಡ್ತೀನಿ.”

ವೈನಿ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದಳು. ಅವಳ ನಗುಮುಖದ ಹಿಂದೆ, ದೂರದಲ್ಲಿ, ಬೆರಳಿನಷ್ಟು ದೊಡ್ಡ ಅಣ್ಣ, ಎತ್ತಿದ ಕೊಡೆ, ತೆರೆದ ಬಾಯಿ.

“ಇರಲಿ ಅವರು,” ಅಂದಳು. “ಒದರಾಕತ್ತಿದ್ರು ಅಂತ ಮಂದಿಗೆ ಗೊತ್ತಾಗಬೇಕು. ಕಣ್ಣಿಗಿಷ್ಟು ಕೈ ಹಚ್ಚಬ್ಯಾಡಪಾ, ಅಷ್ಟ ಸಾಕು.”

ಕಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಮಧ್ಯಾಹ್ನ. ನಾನು ಚಪ್ಪಲಿ ಬಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ವೈನಿ ಮೊಳೆಯ ಮೇಲಿನ ಟವೆಲ್ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟಿದ್ದಳು. ಆ ಮೊಳೆಗೆ ನನ್ನ ಫೋಟೋ ಹಾಕಿದ್ದಳು. ತನಗೆ ಇನ್ನೊಂದು ಮೊಳೆ ಬೇಕಲ್ಲ. ಅಡಿಗೆಮನೆಯಿಂದ ಬಳ್ಳೊಳ್ಳಿ ಜಜ್ಜುವ ಗುಂಡುಕಲ್ಲು ತಂದು, ಸ್ಟೂಲು ಹತ್ತಿ, ಅವ್ವನ ಫೋಟೋದ ಮಗ್ಗುಲಲ್ಲಿ ಹೊಸ ಮೊಳೆ ಬಡಿಯಲಿಕ್ಕೆ ಹತ್ತಿದ್ದಳು. ಪಡಸಾಲೆಯೆಲ್ಲ ಬಳ್ಳೊಳ್ಳಿ ವಾಸನೆ. ನಾನು ಹಿಡಿಯಲು ಹೋದೆ. “ಬಿಡು, ನಂದು ನಾನ ಬಡೀತೀನಿ,” ಅಂದಳು.

ಊಟಕ್ಕೆ ಬಂದ ಅಣ್ಣ ಬಾಗಿಲಲ್ಲೇ ನಿಂತ. ಗೋಡೆ ನೋಡಿದ, ಸ್ಟೂಲಿನ ಮೇಲಿದ್ದ ಹೆಂಡತಿಯನ್ನು ನೋಡಿದ, ಕೆಳಗೆ ಒರಗಿಸಿಟ್ಟಿದ್ದ ಫೋಟೋ ನೋಡಿದ.

“ಏನಿದು? ಹೋದವರ ಸಾಲಿನ್ಯಾಗ… ನೀ ಏನ್ ಸತ್ತೀಯೇನ?”

ವೈನಿ ತಿರುಗಲಿಲ್ಲ. ಗುಂಡುಕಲ್ಲು ಎತ್ತಿದ ಕೈ ಇಳಿಸಲೂ ಇಲ್ಲ.

“ಸತ್ತಿಲ್ಲರೀ,” ಅಂದಳು. “ಅದಕ್ಕ ಈಗ ಹಾಕಾಕತ್ತೇನಿ.”